ಸ್ಕ್ರೀನಿಗೂ ಬೇಕು ಲಾಗ್ ಫೈಲಿಗೂ ಬೇಕು ಅನ್ನುವವರಿಗೆ: ‘ಟೀ’ ಕಮಾಂಡ್ ಆರು ವರ್ಷ ಬಳಸಿದ ಮೇಲಿನ ರಿವ್ಯೂ

ಬದಿಯಡ್ಕದ ಹತ್ರ ಒಂದು ಅಡಿಕೆ ಕರಿಮೆಣಸು ಖರೀದಿ ಅಂಗಡಿ ಉಂಟು, ಅಲ್ಲಿಯ ಬಿಲ್ಲಿಂಗು, ಡೇಟಾಬೇಸು, ಬ್ಯಾಕಪ್ಪು ಎಲ್ಲ ನೋಡಿಕೊಳ್ಳುವುದು ನಾನು. ಹಿಂದಿನ ರೂಮಲ್ಲಿ ಗೋಣಿಚೀಲಗಳ ಪಕ್ಕ ಒಂದು ಹಳೆ ಡೆಸ್ಕ್‌ಟಾಪಿಗೆ ಉಬುಂಟು ಲಿನಕ್ಸ್ ಹಾಕಿ ಇಟ್ಟಿದ್ದೇನೆ. ಸಂಜೆ ಶಟರ್ ಎಳೆಯುವ ಮೊದಲು ಅಂಗಡಿಯ ಹುಡುಗ ಒಂದು ಐಕಾನ್ ಒತ್ತುತ್ತಾನೆ, ಕಪ್ಪು ವಿಂಡೋ ತೆರೆಯುತ್ತದೆ, ಆ ದಿನದ ಲೆಕ್ಕ ಎಲ್ಲ, ಯಾರು ಎಷ್ಟು ಚೋಲು ತಂದ್ರು ಎಷ್ಟು ಪಟೋರ ತಂದ್ರು (ಎರಡೂ ಅಡಿಕೆಯ ದರ್ಜೆಗಳು) ಅಂತ, ಎಲ್ಲ ಬ್ಯಾಕಪ್ ಆಗ್ತದೆ. ಈ ಔಟ್‌ಪುಟ್ ಇಬ್ಬರಿಗೆ ಬೇಕು. ಹುಡುಗನಿಗೆ ಸ್ಕ್ರೀನಲ್ಲಿ ಆಗಲೇ ಕಾಣಬೇಕು, ಇಲ್ಲದಿದ್ರೆ ಮುಗಿಯಿತಾ ಇಲ್ವಾ ಗೊತ್ತಾಗದೆ ಅವನು ಮನೆಗೆ ಹೋಗುವ ಹಾಗಿಲ್ಲ, ಪೆರ್ಲದ ಕಡೆಯ ಬಸ್ಸು ಬೇರೆ ಹೋಗ್ತದೆ. ನನಗೆ ಬೆಳಿಗ್ಗೆ ಮನೆಯಲ್ಲಿ ಕೂತು ನೋಡ್ಲಿಕ್ಕೆ ಅದೇ ಸಾಲುಗಳು ಫೈಲಲ್ಲಿ ಬೇಕು, ಅದಕ್ಕೇ ಲಾಗ್ ಅನ್ನುವುದು. ಬರೀ > ಹಾಕಿದ್ರೆ ಫೈಲಿಗೆ ಹೋಗ್ತದೆ, ಸ್ಕ್ರೀನ್ ಖಾಲಿ. ಏನೂ ಹಾಕದಿದ್ರೆ ಸ್ಕ್ರೀನಿಗೆ ಬರ್ತದೆ, ವಿಂಡೋ ಮುಚ್ಚಿದ ಕೂಡ್ಲೇ ಎಲ್ಲ ಹೋಯ್ತು.

ಇದಕ್ಕೆ ಇರುವ ಸಾಧನ ಟೀ. ಉಬುಂಟು, ಡೆಬಿಯನ್, ಫೆಡೋರಾ ಎಂತದೇ ಹಾಕಿ, ಇದು ಮೊದಲೇ ಇರ್ತದೆ, ಮ್ಯಾಕಲ್ಲೂ ಉಂಟು, ದುಡ್ಡು ಕೊಡ್ಲಿಕ್ಕಿಲ್ಲ, ಇನ್‌ಸ್ಟಾಲ್ ಮಾಡ್ಲಿಕ್ಕಿಲ್ಲ. ಕಮಾಂಡುಗಳನ್ನೆಲ್ಲ ನಾನಿಲ್ಲಿ ಕನ್ನಡ ಅಕ್ಷರದಲ್ಲೇ ಬರೀತೇನೆ, ನೀವು ಟರ್ಮಿನಲ್ಲಲ್ಲಿ (ಕಮಾಂಡ್ ಟೈಪ್ ಮಾಡುವ ಆ ಕಪ್ಪು ವಿಂಡೋದಲ್ಲಿ) ಇಂಗ್ಲಿಷ್ ಸಣ್ಣಕ್ಷರದಲ್ಲಿ ಹಾಕಿಕೊಳ್ಳಿ, ಟೀ ಅಂದ್ರೆ ಟಿ ಇ ಇ, ಮೂರೇ ಅಕ್ಷರ.

ಹೆಸರು ಎಲ್ಲಿಂದ ಬಂತು ಅನ್ನುವುದು ನಮ್ಮ ಕಡೆಯವರಿಗೆ ವಿವರಿಸಿ ಹೇಳಬೇಕಾಗಿಯೇ ಇಲ್ಲ. ಬಾಯಾರು, ಪಡ್ರೆ ಆ ಕಡೆ ಗುಡ್ಡ ಕೊರೆದು ಸುರಂಗ ಮಾಡಿದ ಮನೆಗಳು ಎಷ್ಟು ಉಂಟು, ಅಲ್ಲಿಂದ ನೀರು ಪಂಪು ಇಲ್ಲದೆ ತಾನಾಗಿ ಪೈಪಲ್ಲಿ ಇಳಿದು ಬರ್ತದೆ, ಮನೆ ಟ್ಯಾಂಕಿಗೆ ಒಂದು ಲೈನು ತೋಟಕ್ಕೆ ಒಂದು ಲೈನು ಬೇಕಾದ್ರೆ ಮಧ್ಯದಲ್ಲಿ ಎಂತ ಹಾಕ್ತೇವೆ? ಟೀ ಹಾಕ್ತೇವೆ. ಅದೇ ಪಿವಿಸಿ ಟೀ. ಈ ಕಮಾಂಡಿನ ಹೆಸರು ಬಂದದ್ದು ಸಹ ಆ ಪೈಪಿನ ಜೋಡಣೆಯಿಂದಲೇ. 1973ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಡಗ್ ಮೆಕ್‌ಇಲ್ರಾಯ್ ಒತ್ತಾಯ ಮಾಡಿ ಮಾಡಿ ಕೆನ್ ಥಾಂಪ್ಸನ್ ಯೂನಿಕ್ಸಿಗೆ ಪೈಪ್ ಸೇರಿಸಿದ್ರು, ಪೈಪ್ ಅಂದ್ರೆ ಒಂದು ಕಮಾಂಡಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಕೊಡುವ ದಾರಿ, ಪೈಪ್ ಬಂದ ಮೇಲೆ ಕವಲು ಒಡೆಯುವ ಜೋಡಣೆ ಬೇಕೇ ಬೇಕಲ್ಲ, ಹಾಗೆ ಟೀ ಬಂತು. ಈಗ ಲಿನಕ್ಸಲ್ಲಿ ಹೆಚ್ಚಾಗಿ ಇರುವುದು ಗ್ನೂ ಕೋರ್‌ಯುಟಿಲ್ಸಿನ ಟೀ, ಅದರ ಮ್ಯಾನುವಲ್ ಕೆಳಗೆ ನೋಡಿದ್ರೆ ಬರೆದವರ ಹೆಸರು ಉಂಟು, ಮೈಕ್ ಪಾರ್ಕರ್, ರಿಚರ್ಡ್ ಸ್ಟಾಲ್ಮನ್, ಡೇವಿಡ್ ಮೆಕೆಂಜಿ. ಒಂದು ವ್ಯತ್ಯಾಸ ಮಾತ್ರ ಉಂಟು, ತೋಟದ ಟೀಯಲ್ಲಿ ನೀರು ಪಾಲಾಗ್ತದೆ, ಒಂದು ಕಡೆ ಜಾಸ್ತಿ ಹೋದ್ರೆ ಇನ್ನೊಂದು ಕಡೆ ಕಮ್ಮಿ. ಇಲ್ಲಿ ಎರಡೂ ಕಡೆಗೆ ಪೂರ್ತಿ ಪೂರ್ತಿ ಹೋಗ್ತದೆ, ಎರಡಲ್ಲ ಹತ್ತು ಫೈಲಿನ ಹೆಸರು ಕೊಟ್ರೂ ಹತ್ತಕ್ಕೂ ಪೂರ್ತಿ.

ನಾನು ದಿನಾ ಬಳಸುವ ಸಾಲು ಇದು, ಎಡಗಡೆಯದ್ದು ಬ್ಯಾಕಪ್ಪಿನ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಸ್ಕ್ರಿಪ್ಟು, ನಡುವಿನ ನೆಟ್ಟಗಿನ ಗೆರೆ ಪೈಪ್:

./ಬ್ಯಾಕಪ್.ಎಸ್‌ಎಚ್ 2>&1 | ಟೀ -ಎ ಬ್ಯಾಕಪ್.ಲಾಗ್

ಇದರಲ್ಲಿ 2>&1 ಬಿಟ್ರೆ ಆಗುವುದಿಲ್ಲ. ಯಾಕಂದ್ರೆ ಪೈಪಿನೊಳಗೆ ಹೋಗುವುದು ಸ್ಟ್ಯಾಂಡರ್ಡ್ ಔಟ್‌ಪುಟ್ ಮಾತ್ರ, ಎರರ್ ಮೆಸೇಜುಗಳು ಬೇರೆ ದಾರಿಯಲ್ಲಿ ಸೀದಾ ಸ್ಕ್ರೀನಿಗೆ ಹೋಗ್ತವೆ, ಅವನ್ನು ಸಹ ಪೈಪಿಗೆ ತಿರುಗಿಸುವುದು ಇದು, ಇಲ್ಲದಿದ್ರೆ ಸ್ಕ್ರೀನ್ ನೋಡುವವನಿಗೆ ಎಲ್ಲ ಸರಿ ಇದ್ದ ಹಾಗೆ ಕಾಣ್ತದೆ ಆದ್ರೆ ಲಾಗಲ್ಲಿ ಬೇಕಾದ್ದೇ ಇರುವುದಿಲ್ಲ. ಲಾಗ್ ಇಡುವುದೇ ಎರರ್ ನೋಡ್ಲಿಕ್ಕೆ ಅಲ್ವಾ. ಮತ್ತೆ ಅದು ಪೈಪಿನ ಚಿಹ್ನೆಗಿಂತ ಮೊದಲೇ ಬರಬೇಕು. ಸುಮಾರು ಜನ ಕೊನೆಗೆ, ಟೀ ಆದ ಮೇಲೆ ಬರೀತಾರೆ, ಆಗ ಟೀಯ ಸ್ವಂತ ಎರರ್ ತಿರುಗ್ತದೆಯೇ ಹೊರತು ಸ್ಕ್ರಿಪ್ಟಿನದ್ದಲ್ಲ. ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮಿಗೆ ಶೆಲ್ ಅನ್ನುವುದು, ಬ್ಯಾಶ್ ಅಂಥದ್ದೊಂದು ಶೆಲ್. ಬ್ಯಾಶ್ 4 ಬಂದ ಮೇಲೆ |& ಅಂತ ಚಿಕ್ಕದಾಗಿ ಸಹ ಬರೀಬಹುದು, ನಾನು ಉದ್ದದ್ದನ್ನೇ ಬರೆಯುವುದು, ಎಸ್‌ಎಚ್ ಜಾತಿಯ ಎಲ್ಲಾ ಶೆಲ್ಲಿನಲ್ಲೂ ನಡೀತದೆ.

-ಎ ಅಂದ್ರೆ ಅಪೆಂಡ್, ಹಳೆಯದರ ಕೆಳಗೆ ಸೇರಿಸು ಅಂತ. ಇದನ್ನು ಹಾಕದಿದ್ರೆ ಪ್ರತಿ ಸರ್ತಿ ಫೈಲ್ ಅಳಿಸಿ ಹೊಸತಾಗಿ ಶುರು ಮಾಡ್ತದೆ. ಟೀಯ ಮೇಲೆ ನನ್ನ ಮೊದಲ ದೂರು ಇದು, ಅಳಿಸುವುದು ಡೀಫಾಲ್ಟ್ ಆಗಬಾರದಿತ್ತು, ಸೇರಿಸುವುದು ಡೀಫಾಲ್ಟ್ ಆಗಿ ಅಳಿಸಬೇಕಾದವರು ಆಪ್ಷನ್ ಹಾಕುವ ಹಾಗೆ ಇರಬೇಕಿತ್ತು. ಶುರುವಿನಲ್ಲಿ ಒಂದು ತಿಂಗಳು ನಾನು -ಎ ಇಲ್ಲದೆಯೇ ಓಡಿಸಿದ್ದೆ, ಒಂದು ದಿನ ನಿನ್ನೆಯದ್ದು ನೋಡಬೇಕು ಅಂತ ಹೋದ್ರೆ ಇವತ್ತಿನ ಸಾಲು ಮಾತ್ರ ಉಂಟು. ಅಲ್ಲಿಂದ ಮತ್ತೆ ಕೈ ತಾನಾಗಿ -ಎ ಹಾಕ್ತದೆ.

ಈಗ ದೊಡ್ಡ ವಿಷಯಕ್ಕೆ ಬರ್ತೇನೆ, ಈ ರಿವ್ಯೂ ಬರೀಲಿಕ್ಕೆ ಕೂತದ್ದೇ ಇದಕ್ಕೆ.

ನಾನು ಮೊದಲು ಬರೆದಿದ್ದ ಸ್ಕ್ರಿಪ್ಟಿನಲ್ಲಿ ಹೀಗಿತ್ತು, ಬ್ಯಾಕಪ್ ಓಡಿಸು, ಟೀಗೆ ಕೊಡು, ಅದು ಸರಿಯಾಗಿ ಮುಗಿದ್ರೆ ‘ಬ್ಯಾಕಪ್ ಆಯ್ತು’ ಅಂತ ದೊಡ್ಡದಾಗಿ ತೋರಿಸು, 15 ದಿನಕ್ಕಿಂತ ಹಳೆಯ ಬ್ಯಾಕಪ್ಪುಗಳನ್ನು ಅಳಿಸು. ಓದುವಾಗ ಎಷ್ಟು ಲಾಯ್ಕ ಉಂಟು. ಒಂದು ಮಳೆಗಾಲ ಬಿಲ್ಲಿಂಗ್ ಸಾಫ್ಟ್‌ವೇರಿನವರು ಅಪ್‌ಡೇಟ್ ಮಾಡುವಾಗ ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿ ಹೋದ್ರು, ಹೇಳ್ಲಿಲ್ಲ. ಮರುದಿನದಿಂದ ಡಂಪ್ (ಡೇಟಾಬೇಸಿನ ಪ್ರತಿ) ತೆಗೆಯುವ ಕಮಾಂಡ್ ‘ಆಕ್ಸೆಸ್ ಡಿನೈಡ್’ ಅಂತ ಒಂದು ಸಾಲು ಹೇಳಿ ನಿಂತು ಹೋಗ್ತಿತ್ತು. ಆದ್ರೆ ಸ್ಕ್ರೀನಲ್ಲಿ ಅದರ ಕೆಳಗೆ ‘ಬ್ಯಾಕಪ್ ಆಯ್ತು’ ಅಂತಲೇ ಬರ್ತಿತ್ತು. ಹುಡುಗ ಕೊನೆ ಸಾಲು ನೋಡಿ ಲೈಟ್ ಆಫ್ ಮಾಡಿ ಹೋಗ್ತಿದ್ದ, ಅವನದ್ದೇನೂ ತಪ್ಪಿಲ್ಲ, ಕೊನೆ ಸಾಲು ನೋಡಿದ್ರೆ ಸಾಕು ಅಂತ ನಾನೇ ಹೇಳಿದ್ದು. ನಾನು ಆ ವಾರ ಅಡಿಕೆಗೆ ಮದ್ದು ಬಿಡುವ ಗಡಿಬಿಡಿಯಲ್ಲಿ ಲಾಗ್ ತೆರೆಯಲಿಲ್ಲ, ಮಳೆ ಬಿಟ್ಟ ಹೊತ್ತಲ್ಲಿ ಮದ್ದು ಬಿಡದಿದ್ರೆ ಕೊಳೆರೋಗ ಕಾಯುವುದಿಲ್ಲ.

ಹನ್ನೊಂದನೇ ದಿನ ಬೇರೆ ಎಂತದೋ ಫೈಲ್ ಹುಡುಕ್ಲಿಕ್ಕೆ ಮನೆಯಿಂದ ಎಸ್‌ಎಸ್‌ಎಚ್ ಮಾಡಿ (ಅಂದ್ರೆ ದೂರದಿಂದಲೇ ಆ ಮಿಷನ್ನಿನೊಳಗೆ ಹೊಕ್ಕು) ಆ ಫೋಲ್ಡರಿಗೆ ಹೋಗಿ, ಫೈಲುಗಳ ಪಟ್ಟಿ ನೋಡ್ಲಿಕ್ಕೆ ಎಲ್‌ಎಸ್ -ಎಲ್ ಕೊಟ್ಟೆ. ಸೈಜಿನ ಕಾಲಮ್ಮಲ್ಲಿ ಮೇಲಿನದ್ದೆಲ್ಲ ಕೋಟಿ ಲೆಕ್ಕದ ಉದ್ದ ನಂಬರು, ಕೆಳಗೆ ಬರ್ತಾ ಬರ್ತಾ 20. ಮತ್ತೆ 20. ಮತ್ತೆ 20. ಹನ್ನೊಂದು ಫೈಲ್, ಎಲ್ಲ ಇಪ್ಪತ್ತೇ ಬೈಟು. ಏನೂ ಇಲ್ಲದ್ದನ್ನು ಜಿಜಿಪ್ ಮಾಡಿದ್ರೆ (ಕುಗ್ಗಿಸಿದ್ರೆ) ಬರುವ ಸೈಜು ಅದು, ಒಳಗೆ ಏನೂ ಇಲ್ಲ, ಬರೀ ಹೆಡರು ಮತ್ತೆ ಟ್ರೈಲರು. ಒಳ್ಳೆಯದ್ದು ಉಳಿದದ್ದು ನಾಲ್ಕೋ ಐದೋ, ಅದೂ ದಿನಕ್ಕೊಂದರಂತೆ ಅಳಿಸಿ ಹೋಗ್ತಾ ಇತ್ತು, ನನ್ನದೇ ಸ್ಕ್ರಿಪ್ಟ್ ಅಳಿಸ್ತಾ ಇತ್ತು. ಇನ್ನೊಂದು ವಾರ ನಾನು ನೋಡದೆ ಇದ್ದಿದ್ರೆ, ಆ ಡಿಸ್ಕಿಗೆ ಸಿಡಿಲೋ ಎಂತದೋ ಬಡಿದಿದ್ರೆ, ಎಷ್ಟೋ ಕೃಷಿಕರ ಬಾಕಿ ಲೆಕ್ಕ ಹೋಗ್ತಿತ್ತು. ಆ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ.

ಆದದ್ದು ಎಂತ ಅಂದ್ರೆ, ಪೈಪಲ್ಲಿ ಎರಡು ಮೂರು ಕಮಾಂಡ್ ಜೋಡಿಸಿದಾಗ ಶೆಲ್ ಕೊನೆಯ ಕಮಾಂಡಿನ ಫಲಿತಾಂಶ ಮಾತ್ರ ನೋಡ್ತದೆ. ಕೊನೆಯದ್ದು ಟೀ. ಟೀಗೆ ಕೊಟ್ಟ ಕೆಲಸ ಬಂದದ್ದನ್ನು ಬರೆಯುವುದು, ಅದು ಬರೆಯಿತು, ಸೊನ್ನೆ ಕೊಟ್ಟಿತು, ಸೊನ್ನೆ ಅಂದ್ರೆ ಸರಿ ಅಂತ ಲೆಕ್ಕ. ಎಡಗಡೆ ಸ್ಕ್ರಿಪ್ಟ್ ಬಿದ್ದು ಸತ್ತದ್ದು ಯಾರಿಗೂ ಲೆಕ್ಕಕ್ಕೆ ಸಿಗ್ಲಿಲ್ಲ. ನನ್ನದರಲ್ಲಿ ಇದು ಎರಡು ಸರ್ತಿ ಆಗಿತ್ತು, ಒಳಗೆ ಡಂಪನ್ನು ಜಿಜಿಪ್‌ಗೆ ಕೊಡುವಲ್ಲಿ ಒಂದು ಪೈಪು, ಹೊರಗೆ ಟೀಗೆ ಕೊಡುವಲ್ಲಿ ಇನ್ನೊಂದು ಪೈಪು. ಸ್ಕ್ರಿಪ್ಟಿನ ಮೇಲೆ ಸೆಟ್ -ಇ ಬರೆದಿದ್ದೆ, ತಪ್ಪಾದ್ರೆ ಅಲ್ಲೇ ನಿಲ್ತದೆ ಅಂತ ಧೈರ್ಯದಲ್ಲಿದ್ದೆ, ಆದ್ರೆ ಪೈಪಿನ ಮಧ್ಯದ ತಪ್ಪು ಸೆಟ್ -ಇ ಕಣ್ಣಿಗೆ ಬೀಳುವುದೇ ಇಲ್ಲ.

ಪರಿಹಾರ ಒಂದೇ ಸಾಲು. ಸ್ಕ್ರಿಪ್ಟಿನ ತಲೆಯಲ್ಲಿ

ಸೆಟ್ -ಓ ಪೈಪ್‌ಫೇಲ್

ಅಂತ ಬರೀಬೇಕು, ಒಳಗಿನ ಸ್ಕ್ರಿಪ್ಟಲ್ಲೂ ಬರೀಬೇಕು ಹೊರಗಿನದ್ದರಲ್ಲೂ ಬರೀಬೇಕು, ಒಂದರಲ್ಲಿ ಬರೆದ್ರೆ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ. ಆಗ ಪೈಪಿನ ಯಾವ ತುಂಡು ಬಿದ್ದರೂ ಇಡೀ ಸಾಲು ಬಿದ್ದ ಹಾಗೆ ಲೆಕ್ಕ. ಯಾವ ತುಂಡು ಅಂತಲೇ ಗೊತ್ತಾಗಬೇಕಾದ್ರೆ ಬ್ಯಾಶಿನಲ್ಲಿ ಪೈಪ್‌ಸ್ಟೇಟಸ್ ಅಂತ ಒಂದು ಅರೇ ಉಂಟು, ಹೆಸರು ಎಲ್ಲ ದೊಡ್ಡಕ್ಷರದಲ್ಲಿ, ಸೊನ್ನೆಯನೇ ಮನೆಯಲ್ಲಿ ಮೊದಲನೇ ಕಮಾಂಡಿನದ್ದು, ಒಂದನೇ ಮನೆಯಲ್ಲಿ ಎರಡನೆಯದ್ದು. ಅದನ್ನು ಪೈಪಿನ ಮರು ಸಾಲಲ್ಲೇ ಓದಿ ಎತ್ತಿಟ್ಟುಕೊಳ್ಳಬೇಕು, ಮಧ್ಯೆ ಒಂದು ಎಕೋ (ಸ್ಕ್ರೀನಿಗೆ ಸಾಲು ಬರೆಯುವ ಕಮಾಂಡ್) ಹಾಕಿದ್ರೂ ಹಳೆಯದ್ದು ಹೋಗಿ ಎಕೋದ ಸೊನ್ನೆ ಬಂದು ಕೂರ್ತದೆ. ಪೈಪ್‌ಫೇಲ್ ಹಾಕಿದ ಮೇಲೆ ಮೊದಲ ಕೆಲವು ಸಾಲು ಮಾತ್ರ ತೋರಿಸುವ ಹೆಡ್ ಕಮಾಂಡ್ ಬಳಸುವವರಿಗೆ 141 ಅಂತ ಒಂದು ನಂಬರು ಕಂಡ್ರೆ ಹೆದರಬೇಡಿ, ಹೆಡ್ ತನಗೆ ಬೇಕಾದ ಹತ್ತು ಸಾಲು ತಗೊಂಡು ಬಾಗಿಲು ಮುಚ್ಚಿದ ಕಾರಣ ಹಿಂದಿನವನಿಗೆ ಸಿಗ್‌ಪೈಪ್ ಅನ್ನುವ ಸಿಗ್ನಲ್ ಬಡಿದದ್ದು ಅಷ್ಟೇ, ಆ ಸಿಗ್ನಲ್ಲಿನ ನಂಬರು 13, 128 ಮತ್ತೆ 13 ಕೂಡಿಸಿ 141.

ಇದನ್ನು ಟೀಯ ದೋಷ ಅಂತ ಬರೀಬೇಕಾ ಅಂತ ನಾನು ತುಂಬ ಯೋಚನೆ ಮಾಡಿದೆ. ಟೀ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು, ಆಕ್ಸೆಸ್ ಡಿನೈಡ್ ಅನ್ನುವ ಸಾಲು ಹನ್ನೊಂದು ದಿನವೂ ಲಾಗಲ್ಲಿ ಚಂದ ಬಿದ್ದಿತ್ತು. ಆದ್ರೆ ಟೀ ಬಗ್ಗೆ ಹೇಳಿಕೊಡುವವರು, ವೀಡಿಯೋ ಮಾಡುವವರು, ಟೀ ಹಾಕಿ ಎರಡೂ ಕಡೆ ಬರ್ತದೆ ಅಂತ ತೋರಿಸಿ ಅಲ್ಲಿಗೇ ನಿಲ್ಲಿಸ್ತಾರೆ, ಪೈಪ್‌ಫೇಲ್ ಬಗ್ಗೆ ಒಂದು ಮಾತು ಹೇಳುವುದಿಲ್ಲ. ಅದು ನನಗೆ ನಿಜವಾಗ್ಲೂ ಬೇಜಾರಿನ ವಿಷಯ. ಟೀ ಹೇಳಿಕೊಡುವಾಗ ಆ ಒಂದು ಸಾಲು ಒಟ್ಟಿಗೇ ಹೇಳಿಕೊಡಬೇಕು, ಗ್ಯಾಸ್ ಸಿಲಿಂಡರ್ ಕೊಡುವಾಗ ರೆಗ್ಯುಲೇಟರ್ ಕೊಡುವ ಹಾಗೆ.

ಎರಡನೇ ತಲೆಬಿಸಿ ಬಫರಿಂಗ್, ಅಂದ್ರೆ ಸಾಲುಗಳನ್ನು ಹಿಡಿದಿಟ್ಟು ಒಮ್ಮೆಲೇ ಕೊಡುವುದು. ತಿಂಗಳ ಕೊನೆಗೆ ಒಂದು ಪೈತಾನ್ ಪ್ರೋಗ್ರಾಂ ಓಡ್ತದೆ, ಒಬ್ಬೊಬ್ಬ ಕೃಷಿಕನ ಲೆಕ್ಕ ತೆಗೆದು ಒಂದೊಂದು ಸಾಲು ಪ್ರಿಂಟ್ ಮಾಡುವುದು. ನೇರ ಓಡಿಸಿದ್ರೆ ಸಾಲುಗಳು ಟಪಟಪ ಬರ್ತವೆ. ಟೀ ಜೋಡಿಸಿದ್ರೆ ಸ್ಕ್ರೀನ್ ಸುಮ್ಮನೆ ಕೂತುಬಿಡ್ತದೆ, ನಾಲ್ಕು ನಿಮಿಷ ಏನೂ ಇಲ್ಲ, ಮತ್ತೆ ಒಮ್ಮೆಲೇ ನೂರಾರು ಸಾಲು. ಹುಡುಗ ಹ್ಯಾಂಗ್ ಆಯ್ತು ಅಂತ ಎರಡು ಸರ್ತಿ ವಿಂಡೋ ಮುಚ್ಚಿಬಿಟ್ಟಿದ್ದಾನೆ. ಟೀಗೆ ಬೈಯುವ ಮೊದಲು ತಿಳಿದುಕೊಳ್ಳಿ, ಟೀ ಏನನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ, ಬಂದ ಕೂಡ್ಲೇ ಕೊಡ್ತದೆ, ಯೂನಿಕ್ಸ್ ಜಾತಿಯವಕ್ಕೆಲ್ಲ ಇರುವ ಪೋಸಿಕ್ಸ್ ನಿಯಮದಲ್ಲೇ ಟೀ ಬಫರ್ ಮಾಡಬಾರದು ಅಂತ ಉಂಟು. ಹಿಡಿದಿಟ್ಟುಕೊಳ್ಳುವುದು ಎಡಗಡೆಯ ಪ್ರೋಗ್ರಾಂ. ಎದುರಿಗೆ ಟರ್ಮಿನಲ್ ಇದ್ರೆ ಅದು ಸಾಲು ಸಾಲಾಗಿ ಕೊಡ್ತದೆ, ಪೈಪ್ ಇದ್ರೆ ಯಾರೂ ನೋಡ್ತಾ ಇಲ್ಲ ಅಂತ ತಿಳಿದು ಬಕೆಟ್ ತುಂಬುವವರೆಗೆ ಕಾದು ಒಮ್ಮೆಲೇ ಸುರೀತದೆ. ಎರರ್ ಮೆಸೇಜುಗಳು ಮಾತ್ರ ಕಾಯುವುದಿಲ್ಲ, ಹಾಗಾಗಿ ಲಾಗಲ್ಲಿ ಎರರ್ ಮೊದಲು ಬಂದು ಅದಕ್ಕಿಂತ ಮುಂಚೆ ನಡೆದ ಕೆಲಸದ ಸಾಲು ಆಮೇಲೆ ಬರುವುದು ಸಹ ಉಂಟು, ಓದುವವನಿಗೆ ತಲೆಬುಡ ಗೊತ್ತಾಗುವುದಿಲ್ಲ. ಪೈತಾನಿಗೆ -ಯು ಹಾಕಿ ಓಡಿಸಿದ್ರೆ ಸರಿಯಾಗ್ತದೆ. ಬೇರೆ ಸುಮಾರು ಕಮಾಂಡುಗಳಿಗೆ ಎಡಗಡೆ ಸ್ಟಡ್‌ಬಫ್ -ಓಎಲ್ ಅಂತ ಸೇರಿಸಿದ್ರೆ ಸಾಲು ಸಾಲಾಗಿ ಬರ್ತದೆ, ಆದ್ರೆ ಪೈತಾನಿಗೆ ಸ್ಟಡ್‌ಬಫ್ ನಾಟುವುದಿಲ್ಲ, ಅದರ ಬಫರ್ ಅದರದ್ದೇ.

ಇನ್ನೊಂದು ನೀವೇ ಮಾಡಿ ನೋಡಬಹುದಾದ್ದು. ಸ್ಕ್ರಿಪ್ಟಿನಲ್ಲಿ ಟ್ರ್ಯಾಪ್ (ನಿಲ್ಲಿಸುವ ಸಿಗ್ನಲ್ ಬಂದ್ರೆ ಎಂತ ಮಾಡಬೇಕು ಅಂತ ಹೇಳುವ ಸಾಲು) ಹಾಕಿ, ಕಂಟ್ರೋಲ್ ಸಿ ಒತ್ತಿದ್ರೆ ‘ಅರ್ಧದಲ್ಲಿ ನಿಲ್ಲಿಸಿದ್ರು, ತಾತ್ಕಾಲಿಕ ಫೈಲ್ ಅಳಿಸ್ತಾ ಇದ್ದೇನೆ’ ಅಂತ ಬರೆಯುವ ಹಾಗೆ ಮಾಡಿ. ಟೀ ಜೋಡಿಸಿ ಓಡಿಸಿ, ಮಧ್ಯದಲ್ಲಿ ಕಂಟ್ರೋಲ್ ಸಿ ಒತ್ತಿ. ಆ ಸಾಲು ಸ್ಕ್ರೀನಲ್ಲೂ ಬರುವುದಿಲ್ಲ ಲಾಗಲ್ಲೂ ಬರುವುದಿಲ್ಲ. ಕಂಟ್ರೋಲ್ ಸಿ ಹೋಗುವುದು ಸ್ಕ್ರಿಪ್ಟಿಗೆ ಮಾತ್ರ ಅಲ್ಲ, ಪೈಪಲ್ಲಿರುವ ಎಲ್ಲರಿಗೂ, ಟೀ ಸಹ ಅಲ್ಲೇ ಸಾಯ್ತದೆ, ಸ್ಕ್ರಿಪ್ಟ್ ಕೊನೆ ಮಾತು ಹೇಳ್ಲಿಕ್ಕೆ ಹೊರಟ್ರೆ ಕೇಳುವವರೇ ಇಲ್ಲ. ಈಗ ಟೀ -ಎ -ಐ ಅಂತ ಹಾಕಿ ಅದನ್ನೇ ಮಾಡಿ. ಟೀ ಕಂಟ್ರೋಲ್ ಸಿಯನ್ನು ಲೆಕ್ಕಿಸುವುದಿಲ್ಲ, ಸ್ಕ್ರಿಪ್ಟ್ ಹೇಳುವುದನ್ನೆಲ್ಲ ಕೇಳಿ ಬರೆದು ಕೊನೆಗೆ ತಾನು ನಿಲ್ತದೆ. ಈ -ಐ ಎಷ್ಟು ಒಳ್ಳೆ ಆಪ್ಷನ್ ಅಂದ್ರೆ, ಅರ್ಧದಲ್ಲಿ ನಿಲ್ಲಿಸಿದ್ರು ಅನ್ನುವುದು ನನಗೆ ಬೆಳಿಗ್ಗೆ ಲಾಗಲ್ಲೇ ಸಿಗ್ತದೆ, ಯಾರನ್ನೂ ಕೇಳ್ಲಿಕ್ಕಿಲ್ಲ.

ಪ್ರತಿ ಸಾಲಿಗೂ ಟೀ ಬರೆಯುವ ರಗಳೆ ಬೇಡ ಅನ್ನುವವರಿಗೆ ಸ್ಕ್ರಿಪ್ಟಿನ ಒಳಗೇ ಒಂದು ಸಾಲು ಬರೆದು ಬಿಡುವ ಕ್ರಮ ಉಂಟು:

ಎಕ್ಸೆಕ್ > >(ಟೀ -ಎ -ಐ ದಿನದ.ಲಾಗ್) 2>&1

ಇದರಿಂದ ಕೆಳಗೆ ಬರುವುದೆಲ್ಲ ತಾನಾಗಿ ಎರಡೂ ಕಡೆ ಹೋಗ್ತದೆ, ಹೊರಗೆ ಪೈಪ್ ಇಲ್ಲದ ಕಾರಣ ಸ್ಕ್ರಿಪ್ಟಿನ ಸರಿ ತಪ್ಪು ಸಹ ಹಾಗೇ ಹೊರಗೆ ಬರ್ತದೆ, ಟೀ ಮಧ್ಯೆ ನುಂಗುವುದಿಲ್ಲ. ನನಗೆ ಇದು ಇಷ್ಟ. ಆದ್ರೆ ಎರಡು ತೊಂದರೆ ಉಂಟು. ಇದು ಬ್ಯಾಶಿನ ಭಾಷೆ, ಬರೀ ಎಸ್‌ಎಚ್‌ಗೆ ಅರ್ಥ ಆಗುವುದಿಲ್ಲ. ಉಬುಂಟುವಿನಲ್ಲಿ 2006ರಲ್ಲಿ ಬಂದ 6.10ರಿಂದ ಎಸ್‌ಎಚ್ ಅಂದ್ರೆ ಡ್ಯಾಶ್ ಅನ್ನುವ ಬೇರೆ ಶೆಲ್, ಹಾಗಾಗಿ ಎಸ್‌ಎಚ್ ಹೆಸರು ಹೇಳಿ ಸ್ಕ್ರಿಪ್ಟ್ ಓಡಿಸಿದ್ರೆ ಸಿಂಟ್ಯಾಕ್ಸ್ ಎರರ್ ಕೊಟ್ಟು ನಿಲ್ತದೆ. ಮೇಲೆ ಮೊದಲ ಸಾಲಲ್ಲಿ ಬ್ಯಾಶ್ ಅಂತ ಬರೆದಿರಬೇಕು, ಓಡಿಸುವಾಗಲೂ ಬ್ಯಾಶಿನಲ್ಲೇ ಓಡಿಸಬೇಕು, ಹೊತ್ತು ಹೊತ್ತಿಗೆ ತಾನಾಗಿ ಓಡಿಸುವ ಕ್ರಾನಿನಲ್ಲಿ ಹಾಕುವವರು ಇದನ್ನು ವಿಶೇಷ ನೋಡಿಕೊಳ್ಳಿ, ಕ್ರಾನ್ ಬೇರೆ ಹೇಳದಿದ್ರೆ ಎಸ್‌ಎಚ್ ಅನ್ನೇ ಹಿಡಿಯುವುದು. ಇನ್ನೊಂದು, ಸ್ಕ್ರಿಪ್ಟ್ ಮುಗಿದ ಮೇಲೂ ಟೀ ಹಿಂದಿನಿಂದ ಇನ್ನೂ ಬರೀತಾ ಇರಬಹುದು, ಪ್ರಾಂಪ್ಟ್ ಬಂದ ಮೇಲೆ ಕೊನೆಯ ಎರಡು ಸಾಲು ಅದರ ಮೇಲೆ ಬಂದು ಬೀಳ್ತದೆ. ಲಾಗಲ್ಲಿ ತೊಂದರೆ ಇಲ್ಲ, ಸ್ಕ್ರೀನ್ ನೋಡುವವನಿಗೆ ಮಾತ್ರ ಗೊಂದಲ. ಹುಡುಗ ಕೊನೆ ಸಾಲು ನೋಡುವವನಾದ ಕಾರಣ ಅಂಗಡಿಯಲ್ಲಿ ನಾನು ಪೈಪಿನ ಕ್ರಮವನ್ನೇ ಉಳಿಸಿಕೊಂಡಿದ್ದೇನೆ, ನನ್ನ ಮನೆಯ ಮಿಷನ್ನಿಗೆ ಎಕ್ಸೆಕ್.

ಕನ್ನಡದ ವಿಷಯಕ್ಕೆ ಬಂದ್ರೆ ಟೀಗೆ ಪೂರ್ತಿ ಮಾರ್ಕು. ಕಾಸರಗೋಡಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗ ಅವನು, ಮಲಯಾಳ ಮಾತಾಡ್ತಾನೆ ತುಳು ಮಾತಾಡ್ತಾನೆ, ಓದ್ಲಿಕ್ಕೆ ಮಾತ್ರ ಕನ್ನಡವೇ ಸಲೀಸು, ಹಾಗಾಗಿ ಎಕೋ ಸಾಲುಗಳನ್ನೆಲ್ಲ ನಾನು ಕನ್ನಡದಲ್ಲೇ ಬರೆದಿದ್ದೇನೆ. ಟೀ ಬೈಟುಗಳನ್ನು ಮುಟ್ಟುವುದೇ ಇಲ್ಲ, ಬಂದದ್ದು ಬಂದ ಹಾಗೇ ದಾಟಿಸ್ತದೆ, ಯಾವ ಲಿಪಿ ಅಂತ ಕೇಳುವುದಿಲ್ಲ. ಟರ್ಮಿನಲ್ ವಿಂಡೋದಲ್ಲಿ ಒತ್ತಕ್ಷರ ಸ್ವಲ್ಪ ಒಡೆದು ಕಾಣ್ತದೆ, ‘ಆಯ್ತು’ ಅನ್ನುವುದರಲ್ಲಿ ತ ಒತ್ತು ಬದಿಗೆ ಜಾರಿ ಕೂತಿರ್ತದೆ, ಅದು ಟರ್ಮಿನಲ್ಲಿನ ಕೊರತೆ. ಅದೇ ಲಾಗನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದ್ರೆ ಅಕ್ಷರ ಮುತ್ತಿನ ಹಾಗೆ. ಎದುರಿನ ಕೌಂಟರಿನ ವಿಂಡೋಸ್ ಮಿಷನ್ನಲ್ಲಿ ಪವರ್‌ಶೆಲ್ಲಿನ ಟೀ-ಆಬ್ಜೆಕ್ಟ್ ಬಳಸಿ ನೋಡಿದೆ, ಕೆಲಸ ಅದೇ, ಟೀ ಅಂತ ಬರೆದ್ರೂ ನಡೀತದೆ, -ಅಪೆಂಡ್ ಸಹ ಉಂಟು. ಆದ್ರೆ ವಿಂಡೋಸ್ ಒಟ್ಟಿಗೆ ಬರುವ 5.1ರಲ್ಲಿ ಅದು ಫೈಲನ್ನು ಯುಟಿಎಫ್-16 ಅನ್ನುವ ಬೇರೆ ಎನ್‌ಕೋಡಿಂಗಿನಲ್ಲಿ ಬರೀತದೆ, ಆ ಲಾಗನ್ನು ಉಬುಂಟುವಿಗೆ ತಂದು ಗ್ರೆಪ್ ಮಾಡಿ ಹುಡುಕಿದ್ರೆ ಕಣ್ಣೆದುರು ಇರುವ ಶಬ್ದವೂ ಸಿಗುವುದಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ಬಣ್ಣ ಹೋಗ್ತದೆ ಅನ್ನುವ ದೂರು ಕೆಲವರಿಗೆ ಉಂಟು, ಹೌದು, ಎಲ್‌ಎಸ್‌ನಂಥವು ಎದುರಿಗೆ ಟರ್ಮಿನಲ್ ಇಲ್ಲ ಅಂತ ಕಂಡ್ರೆ ಬಣ್ಣ ಬಿಡುವುದಿಲ್ಲ. ನನಗೆ ಅದು ಲಾಭವೇ, ಲಾಗಲ್ಲಿ ಬಣ್ಣದ ಕೋಡುಗಳು ತುಂಬಿದ್ರೆ ಓದ್ಲಿಕ್ಕೆ ಕಷ್ಟ. ಸ್ಕ್ರೀನಲ್ಲಿ ಕಂಡದ್ದು ಕಂಡ ಹಾಗೇ, ನೀವು ಟೈಪ್ ಮಾಡಿದ್ದು ಸಹ ಸೇರಿ, ಎಲ್ಲ ದಾಖಲಾಗಬೇಕಾದ್ರೆ ಸ್ಕ್ರಿಪ್ಟ್ ಅನ್ನುವ ಹೆಸರಿನದ್ದೇ ಒಂದು ಕಮಾಂಡ್ ಉಂಟು, ಶುರು ಮಾಡಿ ಕೆಲಸ ಮುಗಿಸಿ ಎಕ್ಸಿಟ್ ಕೊಟ್ರೆ ಆಯ್ತು. ಹೊಸಬರಿಗೆ ಕೆಲಸ ತೋರಿಸಿಕೊಡುವಾಗ ನಾನು ಅದನ್ನು ಬಳಸ್ತೇನೆ. ದಿನದ ಲಾಗಿಗೆ ಅದು ಹೇಳಿ ಮಾಡಿಸಿದ್ದಲ್ಲ, ಬ್ಯಾಕ್‌ಸ್ಪೇಸ್ ಒತ್ತಿದ್ದೂ ಫೈಲಲ್ಲಿ ಬಂದಿರ್ತದೆ.

ಆರ್‌ಸಿಂಕ್ (ಫೈಲ್ ಕಾಪಿ ಮಾಡುವ ಕಮಾಂಡ್) ಬಳಸುವವರು ಪ್ರೋಗ್ರೆಸ್ ಆಪ್ಷನ್ ತೆಗೆದು ಟೀಗೆ ಕೊಡಿ. ನನ್ನ ಹತ್ರ ಯಕ್ಷಗಾನ ತಾಳಮದ್ದಳೆಯ ಹಳೆ ಕ್ಯಾಸೆಟ್ಟುಗಳಿಂದ ಇಳಿಸಿದ ಆಡಿಯೋ ರಾಶಿ ಉಂಟು, ಅದನ್ನು ಎರಡನೇ ಡಿಸ್ಕಿಗೆ ಕಾಪಿ ಮಾಡುವಾಗ ಪರ್ಸೆಂಟೇಜ್ ಒಂದೇ ಸಾಲಲ್ಲಿ ಮೇಲಿಂದ ಮೇಲೆ ಬರೆದು ಬರೆದು ಲಾಗಲ್ಲಿ ಮುಗಿಯದ ಒಂದು ಸಾಲು ಆಗಿಬಿಟ್ಟಿತ್ತು. ಟೈಮ್ ಬೇಕಾದವರಿಗೆ ಮೋರ್‌ಯುಟಿಲ್ಸ್ ಪ್ಯಾಕೇಜಿನಲ್ಲಿ ಟಿಎಸ್ ಅಂತ ಉಂಟು, ಟೀಗಿಂತ ಮೊದಲು ಪೈಪಲ್ಲಿ ಸೇರಿಸಿದ್ರೆ ಪ್ರತಿ ಸಾಲಿನ ತಲೆಗೆ ತಾರೀಕು ಗಂಟೆ ಬರ್ತದೆ. ರೂಟ್ (ಅಡ್ಮಿನ್) ಪರ್ಮಿಷನ್ ಬೇಕಾದ ಫೈಲಿಗೆ ಬರೀಲಿಕ್ಕೆ ಸುಡೋ ಟೀ ಎಲ್ಲರಿಗೂ ಗೊತ್ತಿದ್ದದ್ದೇ, ಸುಡೋ ಎಕೋ ಹಾಕಿ > ಕೊಟ್ರೆ ಆಗದ್ದು ಇದರಲ್ಲಿ ಆಗ್ತದೆ, ಯಾಕಂದ್ರೆ ಫೈಲ್ ತೆರೆಯುವುದು ಟೀ, ನಿಮ್ಮ ಶೆಲ್ ಅಲ್ಲ.

ಕರೆಂಟಿನ ವಿಷಯ ಒಂದು ಹೇಳಬೇಕು. ಆಟಿ ತಿಂಗಳಲ್ಲಿ, ಅಂದ್ರೆ ಜುಲೈ ಆಗಸ್ಟಿನ ಜೋರು ಮಳೆಯಲ್ಲಿ, ನಮ್ಮ ಕಡೆ ಮರ ಬಿದ್ದು ಲೈನ್ ಹೋಗುವುದು ಮಾಮೂಲು. ಟೀ ಫೈಲಿಗೆ ಬರೆಯಿತು ಅಂದ್ರೆ ಅದು ಡಿಸ್ಕಲ್ಲಿ ಗಟ್ಟಿಯಾಗಿ ಕೂತಿತು ಅಂತ ಅರ್ಥ ಅಲ್ಲ, ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಇರ್ತದೆ, ಒಮ್ಮೆಲೇ ಕರೆಂಟ್ ಹೋದ್ರೆ ಕೊನೆಯ ಕೆಲವು ಸೆಕೆಂಡಿನ ಸಾಲುಗಳು ಹೋಗಬಹುದು, ನನಗೆ ಹೋದದ್ದುಂಟು. ಇದಕ್ಕೆ ಟೀಯಲ್ಲಿ ಮದ್ದಿಲ್ಲ, ಯುಪಿಎಸ್ ಹಾಕಿದೆ. ಮತ್ತೆ ಮನೆಯಿಂದ ಎಸ್‌ಎಸ್‌ಎಚ್‌ನಲ್ಲಿ ಓಡಿಸುವಾಗ ನಮ್ಮ ಮನೆಯ ಕಡೆ ನೆಟ್ ಹೋದ್ರೆ ಅಲ್ಲಿ ಸ್ಕ್ರಿಪ್ಟೂ ಟೀಯೂ ಒಟ್ಟಿಗೆ ಸಾಯ್ತವೆ, ಹಾಗಾಗಿ ದೊಡ್ಡ ಕೆಲಸ ಏನಿದ್ರೂ, ನೆಟ್ ಹೋದ್ರೂ ಕೆಲಸ ನಿಲ್ಲದ ಹಾಗೆ ಹಿಡಿದಿಡುವ ಟೀಮಕ್ಸ್ ಒಳಗೆ ಓಡಿಸಿ.

ಸ್ಟಾರ್ ಕೊಡುವುದಾದ್ರೆ ಐದರಲ್ಲಿ ನಾಲ್ಕೂವರೆ. ಅರ್ಧ ತೆಗೆದದ್ದು -ಎ ಡೀಫಾಲ್ಟ್ ಅಲ್ಲದ್ದಕ್ಕೆ ಮಾತ್ರ, ಪೈಪ್‌ಫೇಲ್ ವಿಷಯ ಶೆಲ್ಲಿನದ್ದು, ಅದಕ್ಕೆ ಟೀಯ ಮಾರ್ಕು ಕಳೆದ್ರೆ ನ್ಯಾಯ ಅಲ್ಲ.

ಹೋದ ಆಟಿಯಲ್ಲಿ ಒಂದು ಸಂಜೆ ಹುಡುಗನ ಫೋನ್ ಬಂತು, ಅಣ್ಣ ಇವತ್ತು ‘ಆಯ್ತು’ ಬರ್ಲಿಲ್ಲ, ‘ಬ್ಯಾಕಪ್ ಆಗ್ಲಿಲ್ಲ, ಫೋನ್ ಮಾಡಿ’ ಅಂತ ಬಂದಿದೆ, ಮೇಲೆ ಎಂತದೋ ಇಂಗ್ಲಿಷಲ್ಲಿ ಟೀ ಅಂತ ಸಹ ಉಂಟು ಅಂತ ಹೇಳಿದ. ಓದು ಅಂದೆ, ಅಕ್ಷರ ಅಕ್ಷರ ಬಿಡಿಸಿ ಓದಿದ, ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್. ಡಿಸ್ಕ್ ತುಂಬಿತ್ತು. ಜಿಜಿಪ್ ನಿಂತಿತ್ತು, ಪೈಪ್‌ಫೇಲ್ ಅದನ್ನು ಹಿಡಿದಿತ್ತು, ಹಳೆಯದ್ದೊಂದೂ ಅಳಿಸಿರ್ಲಿಲ್ಲ. ಲಾಗಿಗೆ ಸಹ ಬರೀಲಿಕ್ಕೆ ಜಾಗ ಇರ್ಲಿಲ್ಲ, ಆದ್ರೂ ಟೀ ಅಲ್ಲಿಗೆ ಕೆಲಸ ಬಿಡ್ಲಿಲ್ಲ, ಫೈಲಿಗೆ ಬರೀಲಿಕ್ಕೆ ಆಗುವುದಿಲ್ಲ ಅಂತ ಒಂದು ಸಾಲು ಹೇಳಿ ಉಳಿದದ್ದನ್ನೆಲ್ಲ ಸ್ಕ್ರೀನಿಗೆ ಕೊಡ್ತಾ ಹೋಗಿತ್ತು, ಆ ಕಾರಣಕ್ಕೇ ಅವನಿಗೆ ನನಗೆ ಓದಿ ಹೇಳ್ಲಿಕ್ಕೆ ಸಾಧ್ಯ ಆದದ್ದು. ನಾನು ಮನೆಯಿಂದಲೇ ಹೋಗಿ ಹಳೆ ಅಪ್‌ಡೇಟ್ ಫೈಲುಗಳನ್ನು ತೆಗೆದು ಜಾಗ ಮಾಡಿದೆ, ಇನ್ನೊಮ್ಮೆ ಐಕಾನ್ ಒತ್ತು ಅಂದೆ. ಫೋನ್ ಕಟ್ ಮಾಡದೆ ಕಾದೆವು ಇಬ್ಬರೂ, ಅಲ್ಲಿ ಶೀಟಿನ ಮೇಲೆ ಮಳೆ ಬೊಬ್ಬೆ ಹೊಡೀತಾ ಇತ್ತು, ನಾನು ಇಲ್ಲಿ, ಫೈಲಿಗೆ ಹೊಸ ಸಾಲು ಬಿದ್ದ ಹಾಗೆ ತೋರಿಸುವ ಟೇಲ್ -ಎಫ್ ಹಾಕಿ ಅದೇ ಲಾಗ್ ನೋಡ್ತಾ ಇದ್ದೆ, ಅವನು ಅಲ್ಲಿ ಸ್ಕ್ರೀನ್ ನೋಡ್ತಾ ಇದ್ದ. ‘ಆಯ್ತು’ ಅಂತ ನನ್ನ ಲಾಗಿಗೆ ಬಂದದ್ದೂ ಅವನು ಫೋನಲ್ಲಿ ‘ಆಯ್ತಣ್ಣ’ ಅಂದದ್ದೂ ಒಟ್ಟಿಗೇ.